ಪಂಪು ನಿಲ್ಲಿಸುವ ಮೊದಲು

ಫೆಬ್ರವರಿ ೪, ಭಾನುವಾರ

ಇವರಿಗೆ, ಪಂಪ್‌ಹೌಸಿನಿಂದ ನಿಮ್ಮವಳು ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಕ್ಷೇಮ ಅಂದರೆ ಅತ್ತೆಯ ಮೊಣಕಾಲು ನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ, ಆದ್ದರಿಂದ ನೀವು ಚಿಂತೆ ಮಾಡಬೇಕಾದ್ದೇನೂ ಇಲ್ಲ. ಕಾಗದ ಬರೆಯದೆ ಬಹಳ ದಿನವಾಯಿತು, ತಪ್ಪು ತಿಳಿಯಬೇಡಿ. ಪುರಸೊತ್ತಿರಲಿಲ್ಲ ಎಂದರೆ ಸುಳ್ಳಾದೀತು, ಸಿಟ್ಟಿತ್ತು. ಹಿಂದಿನ ಕಾಗದಕ್ಕೆ ಉತ್ತರವೇ ಇಲ್ಲ, ಮತ್ತೆ ನಾನೇ ಬರೆದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಬಿಗಿದುಕೊಂಡು ಕೂತಿದ್ದೆ. ಹಾಗೆ ಎಷ್ಟು ದಿನ ಕೂರಲಾಗುತ್ತದೆ? ಸೊಂಟ ಹಿಡಿದುಕೊಂಡಿತೇ ಹೊರತು ಕಾಗದ ಬರಲಿಲ್ಲ. ಅದಕ್ಕೇ ಸೋತೆ ಎಂದುಕೊಂಡು ಬರೆಯುತ್ತಿದ್ದೇನೆ.

ಸುದ್ದಿ ಇದೆ. ಪಂಪು ನಿಲ್ಲಿಸುತ್ತಾರೆ, ಈ ತಿಂಗಳ ಕೊನೆಗೆ. ನೀವು ಇಲ್ಲಿದ್ದಾಗ ಇವತ್ತು ನಾಳೆ ಎನ್ನುತ್ತಿದ್ದದ್ದು ಈಗ ಆರ್ಡರಾಗಿ ಗೋಡೆಗೆ ಅಂಟಿದೆ. ನಮ್ಮ ಕ್ವಾರಿ ಇನ್ನು ಕ್ವಾರಿಯಲ್ಲ, ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕೆರೆ. ತಳದ ಒರತೆಗಳ ನೀರು ತಾನಾಗಿ ಏರಬೇಕಂತೆ, ಹೊಳೆ ಉಕ್ಕಿ ಹರಿಯುವ ಕಾಲದಲ್ಲಿ ಅಲ್ಲಿಂದ ಕೊಳವೆ ಹಾಕಿ ಇನ್ನಷ್ಟು ತುಂಬಿಸಬೇಕಂತೆ, ಆಮೇಲೆ ಶುದ್ಧ ಮಾಡಿ ಮನೆಮನೆಗೆ ಬಿಡಬೇಕಂತೆ. ಪೂರ್ತಿ ತುಂಬಲು ವರ್ಷಗಳೇ ಹಿಡಿಯುತ್ತವೆ. ಸದ್ಯಕ್ಕೆ ನೀರು ಸೋರದಂತೆ ಗೋಡೆಯ ಬಿರುಕುಗಳಿಗೆಲ್ಲ ಸಿಮೆಂಟಿನ ಹಾಲು ಕುಡಿಸುತ್ತಿದ್ದಾರೆ. ಮಕ್ಕಳಿಗೆ ಕುಡಿಸಿದ ಹಾಗೇ. ಒಂದು ಬಿರುಕು ಗಟಗಟ ಕುಡಿದು ಸುಮ್ಮನಾಗುತ್ತದೆ, ಒಂದು ಕಕ್ಕುತ್ತದೆ, ಇನ್ನೊಂದಕ್ಕೆ ಎಷ್ಟು ಕೊಟ್ಟರೂ ಸಾಲದು.

ನನ್ನ ಪಾಡು ಕೇಳಿದರೆ ನೀವು ನಗುತ್ತೀರಿ. ಈ ಗುಂಡಿಗೆ ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ ಒಂದೇ, ನೀರು ಹೊರಗೆ ಹಾಕುವುದು. ಒಂದು ದಿನ ಪಂಪು ಕೆಟ್ಟರೆ ನಿಮ್ಮ ಡ್ರಿಲ್ಲು, ಕಂಪ್ರೆಸರು, ಕಲ್ಲು, ಎಲ್ಲ ಮೊಣಕಾಲುದ್ದ ನೀರಲ್ಲಿ. ಎಷ್ಟು ಬೈದಿದ್ದೇನೆ ಆ ನೀರನ್ನು! ಈಗ ಅದೇ ನೀರನ್ನು ಕಾಯಬೇಕು. ನನ್ನನ್ನೇ ಕೆರೆಯ ಕಾವಲಿಗೆ ಹಾಕಿದ್ದಾರೆ, ದಿನಾ ಮಟ್ಟ ನೋಡಿ ತಿಳಿಸಬೇಕು, ಯಾರೂ ಈಜಲು ಇಳಿಯದಂತೆ ನೋಡಿಕೊಳ್ಳಬೇಕು. ಕತ್ತು ಹಿಡಿದು ದಬ್ಬಿದ ಸೊಸೆಯನ್ನು ಆರತಿ ಎತ್ತಿ ಒಳಗೆ ಕರೆದುಕೊಂಡ ಹಾಗಾಯಿತು. ಇದನ್ನು ಅತ್ತೆಗೆ ಹೇಳಿದರೆ, "ನಿನ್ನ ಯಾವತ್ತೇ ದಬ್ಬಿದ್ದೆ ನಾನು?" ಎಂದು ಜಗಳಕ್ಕೇ ಬಂದರು.

ಇನ್ನೊಂದು ತಮಾಷೆ. ಇಲ್ಲಿ ಎಲ್ಲರೂ ನನ್ನನ್ನು ಪಂಪಮ್ಮ ಎನ್ನುವುದು ನಿಮಗೆ ಗೊತ್ತೇ ಇದೆ. ನೀರು ಸರಬರಾಜು ಕಚೇರಿಯವರು ಅದೇ ನನ್ನ ಹೆಸರು ಎಂದುಕೊಂಡು ಆರ್ಡರನ್ನೂ ‘ಶ್ರೀಮತಿ ಪಂಪಮ್ಮ’ನ ಹೆಸರಿಗೇ ಮಾಡಿಬಿಟ್ಟಿದ್ದಾರೆ. ತಿದ್ದಿಸಿ ಎಂದು ಕೇಳಿದೆ. ಇಂಜಿನಿಯರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಚಿಕ್ಕ ವಯಸ್ಸಿನ ಹುಡುಗಿ, ತಲೆ ಮೇಲೆ ಹೆಲ್ಮೆಟ್ಟು, ಕಾಲಿಗೆ ಗಂಡಸರ ಬೂಟು. "ಅಮ್ಮ, ತಿದ್ಸೋಕೆ ಹೋದ್ರೆ ನಿಮ್ಮ ಆರ್ಡರ್ ವಾಪಸ್ ಬರೋಷ್ಟೊತ್ತಿಗೆ ಕೆರೆನೇ ತುಂಬಿರುತ್ತೆ, ಇರ್ಲಿ ಬಿಡಿ" ಎಂದಳು. ಒಳ್ಳೆಯವಳು.

ಇಷ್ಟೆಲ್ಲ ಬರೆದದ್ದು ಪೀಠಿಕೆ. ವಿಷಯ ಇದು: ನೀವೊಮ್ಮೆ ಬರಬೇಕು. ಪಂಪು ನಿಲ್ಲಿಸುವ ಮೊದಲು ಬರಬೇಕು.

ಪೂರ್ವದ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದೀರಲ್ಲ, ಅದರ ಕೆಳಗಿನ ಮೆಟ್ಟಿಲಲ್ಲಿ ನೀವು ಕೊರೆದ ಕುಳಿಗಳ ಗುರುತು ಹಾಗೇ ಇದೆ. ಬಂಡೆ ಸಿಡಿದು ಹೋದ ಮೇಲೆ ಗೋಡೆಯಲ್ಲಿ ಉಳಿಯುವ ಅರ್ಧ ಕೊಳವೆಯಂಥ ಗೆರೆ, ಮೇಲಿಂದ ಕೆಳಗೆ. ಬೇರೆಯವರವೆಲ್ಲ ನೆಟ್ಟಗೆ ಇಳಿದಿವೆ, ನಿಮ್ಮವು ಮಾತ್ರ ಎಡಕ್ಕೆ ಚೂರು ವಾಲಿವೆ. ಮೇಸ್ತ್ರಿ ಎಲ್ಲರೆದುರು ಅಂದದ್ದು ನೆನಪಿದೆಯಾ? "ಹೆಂಡ್ತಿ ಎಡಗಡೆ ಪಂಪ್‌ಹೌಸಲ್ಲಿದಾಳೆ ಅಂತ ಡ್ರಿಲ್ಲೂ ಆ ಕಡೆಗೇ ವಾಲುತ್ತೇನಯ್ಯ ನಿಂದು?" ನಾನು ನಾಚಿಕೆಯಿಂದ ಇಡೀ ದಿನ ಹೊರಗೆ ತಲೆ ಹಾಕಲಿಲ್ಲ. ಮೊದಲು ಮುಳುಗುವುದು ಆ ಮೆಟ್ಟಿಲೇ. ಅದಕ್ಕೆ ಮುಂಚೆ ಒಂದು ಸಲ, ನೀವೂ ನಾನೂ ಇಳಿದು, ಆ ಗೋಡೆಯ ಹತ್ತಿರ ನಿಂತು ಬರಬೇಕು. ಅಷ್ಟೇ ನನ್ನ ಆಸೆ. ಆಮೇಲೆ ನೀವು ಇದ್ದರೆ ಇರಿ, ಹೊರಟರೆ ಹೊರಡಿ. ಇರಿ ಎಂದು ನಾನು ಕೇಳುವುದಿಲ್ಲ. ಕೇಳಿದ ಹಾಗೆ ಕಂಡರೆ ಅದು ಅಕ್ಷರದ ತಪ್ಪು.

ಅಂಚೆಯನ್ನು ನಂಬಿ ಕೂರುವವಳಲ್ಲ ನಾನು. ಇಲ್ಲಿನ ಕೆಲಸಕ್ಕೆ ಜಲ್ಲಿ ಬರುವುದು ನೀವು ಈಗ ಕೆಲಸಕ್ಕಿರುವ ಕ್ವಾರಿಯಿಂದಲೇ ಎಂದು ಮೊನ್ನೆ ತಿಳಿಯಿತು. ಲಾರಿಯವನಿಗೆ ಇಲ್ಲಿ ‘ಹಾರನ್’ ಎಂದೇ ಹೆಸರು. ಎದುರಿಗೆ ನಾಯಿ ಇಲ್ಲದಿದ್ದರೂ ಹಾರನ್ ಒತ್ತುತ್ತಾನೆ. ಅವನ ಬಾಯಲ್ಲೂ ಇದೇ ಮಾತು ಹೇಳಿ ಕಳಿಸಿದ್ದೇನೆ. ಉತ್ತರವನ್ನು ಅವನ ಹತ್ತಿರವೇ ಹೇಳಿ ಕಳಿಸಿ.

ಅತ್ತೆಯ ಆಶೀರ್ವಾದ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ನಿಮ್ಮವಳು

ತಾ.ಕ. ಮದ್ದು ಸಿಡಿಸುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿ ಬರೆ ಎಂದರು ಅತ್ತೆ. ಇಟ್ಟುಕೊಳ್ಳದೆ ಅವರ ಕಿವಿ ಹೇಗೆ ಹೋಯಿತೆಂದು ನೋಡಿದ್ದೀರಲ್ಲ. ಈ ಪ್ರಶ್ನೆಯನ್ನು ಅವರು ಎಷ್ಟು ಜೋರಾಗಿ ಕೇಳಿದರೆಂದರೆ, ನಿಮಗೆ ಅಲ್ಲಿಗೇ ಕೇಳಿಸಿರಬೇಕು.

* * *

ಫೆಬ್ರವರಿ ೨೦, ಮಂಗಳವಾರ

ಇವರಿಗೆ,

ಈ ಸಲ ತಡವಾಯಿತೆಂದು ಕ್ಷಮೆ ಕೇಳುವಂತಿಲ್ಲ, ಇನ್ನೂ ಹಿಂದಿನ ಕಾಗದದ ಶಾಯಿಯೇ ಆರಿಲ್ಲ. ಆದರೂ ಕೈ ಸುಮ್ಮನಿರುತ್ತಿಲ್ಲ.

ಹಾರನ್ ಬಂದ. ಮಧ್ಯಾಹ್ನ ಜಲ್ಲಿ ಸುರಿದು, ಕೈತೊಳೆಯಲು ಪಂಪ್‌ಹೌಸಿನ ಕಡೆ ಬಂದ. ನಾನು ಎಣ್ಣೆ ಕೈಯಲ್ಲೇ ಓಡಿದೆ. "ಸಿಕ್ಕಿದ್ರಾ?" ಎಂದೆ. "ಸಿಕ್ಕಿದ್ರು ಅಕ್ಕ, ಎಲ್ಲಾ ಹೇಳ್ದೆ. ಪಂಪು ನಿಲ್ಲಿಸ್ತಾರಂತೆ, ಅದಕ್ಕೆ ಮುಂಚೆ ಒಂದ್ಸಲ ಬಂದು ನೋಡ್ಬೇಕಂತೆ ಅಂತ ಹೇಳ್ದೆ." "ಏನಂದ್ರು?" "ಬರ್ತೀನಿ ಅಂದ್ರು."

ಅವನು ಹೇಳಿದ್ದು ಅಷ್ಟೇ. ನನಗೆ ಅಷ್ಟು ಸಾಕಿತ್ತು. ಯಾವ ದಿನ ಎಂದು ಕೇಳಲಿಲ್ಲವೇನೋ ಎಂದು ಬೈದೆ. "ನಾನು ಗಾಡಿ ಮೇಲಿದ್ದೆ ಅಕ್ಕ, ಹಿಂದೆ ಇನ್ನೊಂದು ಲಾರಿ ನಿಂತಿತ್ತು" ಎಂದ. ಹಾರನ್ ಒತ್ತಿಸಿಕೊಳ್ಳುವ ಪಾಳಿ ಅವತ್ತು ಅವನದಾಗಿತ್ತು ಎಂದು ಕಾಣುತ್ತದೆ. ನೀವು ಹೇಗಿದ್ದೀರಿ ಎಂದು ಕೇಳಿದೆ. ಸೊರಗಿದ್ದೀರಂತೆ. ಗಡ್ಡ ಬಿಟ್ಟಿದ್ದೀರಂತೆ. ಗಡ್ಡ ನಿಮಗೆ ಒಪ್ಪುವುದಿಲ್ಲ, ಬರುವ ಮುಂಚೆ ತೆಗೆಸಿ.

ನಿಮ್ಮ ‘ಬರ್ತೀನಿ’ ನನ್ನ ಬಾಯಿಗೆ ಬರುವಷ್ಟರಲ್ಲಿ ‘ಬರ್ತಾರಂತೆ’ ಆಯಿತು, ಅತ್ತೆಯ ಬಾಯಲ್ಲಿ ‘ಬಂದೇಬಿಟ್ಟ’ ಆಯಿತು. ಅವತ್ತಿನಿಂದ ಕುರ್ಚಿಯನ್ನು ಗೇಟಿನ ಕಡೆಗೆ ತಿರುಗಿಸಿಕೊಂಡು ಕೂರುತ್ತಾರೆ. ಅಳತೆಯ ಕೋಲು ಹಿಡಿದು ಬರುವವರನ್ನೆಲ್ಲ ನೀವೇ ಎಂದು ಎದ್ದು ನಿಲ್ಲುತ್ತಾರೆ, ಮೊಣಕಾಲು ನೋವನ್ನೂ ಮರೆತು. ನಾನು ನಗುತ್ತೇನೆ. ನಗುತ್ತಾ ನಾನೂ ಗೇಟು ನೋಡುತ್ತೇನೆ.

ಇಂಜಿನಿಯರಮ್ಮನ ಹತ್ತಿರ ಹೋಗಿ ನಾಚಿಕೆ ಬಿಟ್ಟು ಕೇಳಿದೆ. ನಮ್ಮವರು ಬರುವವರಿದ್ದಾರೆ, ತಾವು ಕೊರೆದ ಗೆರೆಗಳು ಮುಳುಗುವ ಮೊದಲು ನೋಡಬೇಕು, ಪಂಪು ನಿಲ್ಲಿಸುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ ಎಂದೆ. ಅವಳು ಗೋಡೆ ನೋಡಿದಳು, ನನ್ನ ಮುಖ ನೋಡಿದಳು. ಉತ್ತರದ ಒಂದು ಬಿರುಕು ಇನ್ನೂ ಸಿಮೆಂಟು ಕುಡಿದು ಮುಗಿಸಿಲ್ಲ, ಹೇಗೂ ತಡವಾಗುತ್ತದೆ, ಒಂದು ವಾರ ಕೊಡುತ್ತೇನೆ ಎಂದಳು. "ಅಷ್ಟು ಮುಖ್ಯಾನಾ ಅಮ್ಮ, ಆ ಗೆರೆಗಳು?" ಎಂದು ಕೇಳಿದಳು. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಕೊನೆಗೆ "ಎಡಗಡೆಗೆ ವಾಲಿವೆಯಲ್ಲ" ಎಂದಳು. ನಾನು ಹುಂ ಎಂದೆ. ಕಾರಣ ಹೇಳಲು ನಾಚಿಕೆಯಾಯಿತು.

ಅಲ್ಲಿಗೆ ಇಳಿಯುವ ದಾರಿ ಹಾಳಾಗಿತ್ತು. ಲಾರಿ ಓಡಾಟ ನಿಂತ ಮೇಲೆ ಪೊದೆ ಬೆಳೆದು, ಕಲ್ಲು ಜಾರಿ ಬಿದ್ದಿತ್ತು. ಕುಡುಗೋಲು ಹಿಡಿದು ನಾನೇ ಬಿಡಿಸಿದ್ದೇನೆ. ನಡುವೆ ಒಂದು ಕಡೆ ಪಾಚಿ ಇದೆ, ಅಲ್ಲಿ ನನ್ನ ಕೈ ಹಿಡಿದುಕೊಳ್ಳಿ. ಮನೆಗೂ ಸುಣ್ಣ ಬಳಿದೆ. ಮಂಚದ ಕಾಲು ಅಲುಗುತ್ತಿತ್ತಲ್ಲ, ಬೆಣೆ ಹೊಡೆಸಿದ್ದೇನೆ. ಬಡಗಿ "ಯಾರಾದ್ರೂ ಬರ್ತಿದಾರಾ?" ಎಂದು ಹಲ್ಲು ಕಿರಿದ. ನಿನ್ನ ಕೆಲಸ ನೋಡು ಮಾರಾಯ ಎಂದೆ.

ಸಿಟ್ಟಿನ ಮಾತನ್ನೂ ಆಡಿ ಮುಗಿಸಿಬಿಡುತ್ತೇನೆ, ನೀವು ಬಂದ ಮೇಲೆ ಆಡಬಾರದು. ಅವತ್ತು ಕ್ವಾರಿ ಮುಚ್ಚಿ, ನೀರಿನ ಕಚೇರಿಯವರು ನನ್ನನ್ನು ಪಂಪಿನ ಕೆಲಸಕ್ಕೆ ಇಟ್ಟುಕೊಂಡು, ನಿಮ್ಮನ್ನು ಗೇಟು ಕಾಯಲು ಕರೆದಾಗ ನೀವು ಅಂದಿರಿ, "ಕಲ್ಲು ಒಡೆದ ಕೈಲಿ ಗೇಟು ಕಾಯಲ್ಲ ನಾನು. ನಾನು ಬೆವರು ಸುರಿಸಿ ಅಗೆದಿದ್ದನ್ನೆಲ್ಲ ಮುಳುಗಿಸೋಕೆ ನೀನು ಸಂಬಳ ತಗೋತೀಯಾ?" ಆ ಮಾತು ಇನ್ನೂ ಚುಚ್ಚುತ್ತದೆ. ಆದರೆ ಆಮೇಲೆ ಯೋಚಿಸಿದ್ದೇನೆ. ನೀವು ಅಗೆಯದಿದ್ದರೆ ನೀರು ನಿಲ್ಲಲು ಜಾಗವೆಲ್ಲಿತ್ತು? ಪಟ್ಟಣದಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ಹೆಂಗಸರಿಗೆ ಗೊತ್ತಾಗದಿರಬಹುದು, ಅವರ ನಲ್ಲಿಗೆ ಬರುವ ನೀರು ನಿಮ್ಮ ಕೈ ಅಗೆದ ಪಾತ್ರೆಯಲ್ಲಿ ನಿಂತು ಬಂದದ್ದೆಂದು. ನನಗೆ ಗೊತ್ತು. ಇದನ್ನು ನಿಮಗೆ ಎದುರಿಗೆ ಹೇಳಬೇಕೆಂದಿದ್ದೆ, ಕಾಗದದಲ್ಲೇ ಬಂದುಬಿಟ್ಟಿತು. ಇರಲಿ, ಎದುರಿಗೂ ಹೇಳುತ್ತೇನೆ.

ನಿಮ್ಮನ್ನು ನೋಡಬೇಕು ಅನಿಸಿದೆ. ಬಹಳ ಅನಿಸಿದೆ. ಬೇಗ ಬನ್ನಿ.

ಇಂತಿ, ದಾರಿ ನೋಡುತ್ತಿರುವ
ನಿಮ್ಮವಳು

ತಾ.ಕ. ಬಸ್ಸು ಈಗ ಹಳೇ ಕಮಾನಿನ ಹತ್ತಿರ ನಿಲ್ಲುವುದಿಲ್ಲ. ಹೊಸ ಪೈಪುಗಳನ್ನು ರಾಶಿ ಹಾಕಿದ್ದಾರಲ್ಲ, ಅಲ್ಲಿ ಇಳಿಯಬೇಕು. ಮುಂದಕ್ಕೆ ಹೋಗಿಬಿಟ್ಟೀರಿ.

* * *

ಮಾರ್ಚ್ ೧೭, ಭಾನುವಾರ

ಇವರಿಗೆ,

ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದ ತಡವಾದದ್ದಕ್ಕೆ ಕಾರಣ ಸಿಟ್ಟಲ್ಲ. ಪೆನ್ನು ಹಿಡಿದರೆ ಬರೆಯಲು ಏನೂ ಇರುತ್ತಿರಲಿಲ್ಲ, ಪೆನ್ನು ಇಟ್ಟರೆ ಎಲ್ಲ ನೆನಪಾಗುತ್ತಿತ್ತು.

ಪಂಪು ನಿಲ್ಲಿಸಿಯಾಯಿತು.

ಕೊಟ್ಟ ವಾರ ಮುಗಿಯಿತು, ನೀವು ಬರಲಿಲ್ಲ. ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ, ರಜೆ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ, ಗಡ್ಡ ತೆಗೆಸಲು ಹೋಗಿರಬೇಕು ಎಂದೂ ಅಂದುಕೊಂಡೆ. ಮತ್ತೆ ಇಂಜಿನಿಯರಮ್ಮನ ಹತ್ತಿರ ಹೋದೆ. ಅವಳು ರೇಗಲಿಲ್ಲ. "ಅಮ್ಮ, ಯಾವತ್ತು ಬರ್ತಾರೆ ಅಂತ ಒಂದು ದಿನ ಹೇಳಿ. ಆ ದಿನದ ತನಕ ನಾನು ಮೇಲಿನವರಿಗೆ ಏನಾದ್ರೂ ಹೇಳ್ಕೋತೀನಿ" ಎಂದಳು. ನನ್ನ ಹತ್ತಿರ ದಿನವೇ ಇರಲಿಲ್ಲ. ನಿಮ್ಮ ಒಂದು ಮಾತಿತ್ತು, ಅಷ್ಟೇ.

ಹಾಗಾಗಿ ಹಾರನ್ ಮತ್ತೆ ಬರುವ ತನಕ ಕಾದು ಹಿಡಿದೆ. ಸರಿಯಾಗಿ ಹೇಳೋ, ಅವರು ಹೇಗೆ ನಿಂತಿದ್ದರು, ಯಾವ ಕಡೆ ನೋಡುತ್ತಾ ಅಂದರು, ಒಂದೊಂದಾಗಿ ಹೇಳು ಎಂದೆ. ಪಾಪ, ಹೆದರಿಬಿಟ್ಟ. "ನಾನು ಹೇಳೋದೆಲ್ಲ ಕೇಳಿಸ್ಕೊಂಡ್ರು ಅಕ್ಕ. ಏನೂ ಮಾತಾಡ್ಲಿಲ್ಲ. ಟೋಪಿ ತೆಗೆದು ಧೂಳು ಕೊಡವಿದ್ರು. ಅಷ್ಟೊತ್ತಿಗೆ ಹಿಂದಿನ ಲಾರಿಯವನು ಕೂಗ್ದ, ನಾನು ಗಾಡಿ ಸ್ಟಾರ್ಟ್ ಮಾಡ್ದೆ. ಅವ್ರು ಕೈ ಎತ್ತಿ, ಸರಿ, ಬರ್ತೀನಿ ಅಂತ ಹೇಳಿ ಆ ಕಡೆ ನಡೆದ್ರು."

"ಆ ಕಡೆ ಅಂದ್ರೆ?"

"ಕೆಲಸದ ಕಡೆಗೆ ಅಕ್ಕ." ಚಪ್ಪಲಿಯಿಂದ ಜಲ್ಲಿ ಕೆದಕಿದ. "ನಾವೆಲ್ಲ ಅನ್ನಲ್ವಾ, ಹೊರಡೋವಾಗ... ಹಾಗೆ."

ಹಾಗೆ. ಅಷ್ಟು ಸುಲಭ ನೋಡಿ. ನಾನು ಕೂಡ ಅಂಗಡಿಯಿಂದ ಹೊರಡುವಾಗ ಬರ್ತೀನಿ ಅನ್ನುತ್ತೇನೆ, ಅಂಗಡಿಯವನು ನನ್ನ ದಾರಿ ನೋಡುತ್ತಾ ಕೂರುತ್ತಾನೆಯೇ? ಹುಟ್ಟಿದಾಗಿನಿಂದ ಆಡಿದ ಭಾಷೆ, ಎಷ್ಟು ಸಲ ಕೇಳಿದ ಪದ. ಅದನ್ನೇ ಹಿಡಿದುಕೊಂಡು ಮನೆಗೆ ಸುಣ್ಣ ಬಳಿದೆ. ಹಾರನ್ ಅಳುಮುಖ ಮಾಡಿಕೊಂಡು "ತಪ್ಪಾಯ್ತು ಅಕ್ಕ" ಎಂದ. ನಿನ್ನದೇನು ತಪ್ಪೋ, ನೀನು ಕೇಳಿಸಿಕೊಂಡದ್ದನ್ನೇ ಹೇಳಿದ್ದೀಯ, ನಾನು ನನಗೆ ಬೇಕಾದ್ದನ್ನು ಕೇಳಿಸಿಕೊಂಡೆ ಎಂದೆ. ಚಹಾ ಕೊಟ್ಟು ಕಳಿಸಿದೆ.

ಆಮೇಲೆ ನೆಟ್ಟಗೆ ಇಂಜಿನಿಯರಮ್ಮನ ಶೆಡ್ಡಿಗೆ ಹೋಗಿ, ಯಾರಿಗೂ ಕಾಯುವುದು ಬೇಡ, ನಿಲ್ಲಿಸೋಣ ಎಂದೆ. "ನೀವೇ ಆಫ್ ಮಾಡ್ತೀರಾ?" ಎಂದಳು, ಅಷ್ಟೇ.

ಮಾರನೆಯ ಬೆಳಗ್ಗೆ ಒಬ್ಬಳೇ ಕೆಳಗಿನ ಮೆಟ್ಟಿಲಿಗೆ ಇಳಿದೆ. ಪಾಚಿ ಇದ್ದಲ್ಲಿ ಗೋಡೆ ಹಿಡಿದುಕೊಂಡು ದಾಟಿದೆ. ನಿಮ್ಮ ಗೆರೆಗಳ ಹತ್ತಿರ ನಿಂತೆ. ಒಂದರೊಳಗೆ ಕೈ ಇಟ್ಟೆ, ಅಂಗೈ ಸರಿಯಾಗಿ ಕೂರುತ್ತದೆ ಅದರಲ್ಲಿ. ಬಿಸಿಲು ಬೀಳುವ ಕಡೆ ಬೆಚ್ಚಗಿತ್ತು. ಅಳು ಬಂತು. ಯಾರೂ ಇರಲಿಲ್ಲ, ಹಾಗಾಗಿ ಧಾರಾಳವಾಗಿ ಅತ್ತುಬಿಟ್ಟೆ. ಮೂಗು ಒರೆಸಿಕೊಂಡು ಮೇಲೆ ಬಂದು ಸ್ವಿಚ್ಚು ಕೆಳಗೆಳೆದೆ. ಪಂಪು ಒಂದೇ ಸಲಕ್ಕೆ ನಿಲ್ಲುವುದಿಲ್ಲ, ನಿಮಗೆ ಗೊತ್ತಲ್ಲ, ಗೊಣಗಿ, ಕೆಮ್ಮಿ, ಕೊಳವೆಯ ನೀರನ್ನೆಲ್ಲ ವಾಪಸು ಉಗುಳಿ ಸುಮ್ಮನಾಗುತ್ತದೆ. ನನಗೆ ಕಿವಿಯೇ ಹೋಯಿತೇನೋ ಎನಿಸಿತು.

ಮೊದಲು ಓಡಿ ಬಂದವರು ಯಾರು ಹೇಳಿ? ಅತ್ತೆ. ಸಿಡಿಲು ಬಡಿದರೂ ಕೇಳದವರು, ಮನೆಯಿಂದ ಗೋಡೆ ಹಿಡಿದುಕೊಂಡು ಬಂದರು. "ಏನೇ ಅದು, ಕಾಲ ಕೆಳಗೆ ಅದುರ್ತಾ ಇದ್ದಿದ್ದು ನಿಂತೋಯ್ತಲ್ಲ?" ಎಂದರು. ಪಂಪು ನಿಲ್ಲಿಸಿದೆ ಅತ್ತೆ ಎಂದು ಕಿವಿಯಲ್ಲಿ ಕೂಗಿದೆ. "ಅವನು ಬಂದು ನೋಡ್ಬೇಕಿತ್ತಲ್ಲೇ?" ಎಂದರು. ಕೆಲಸ ಬಿಡಲಾಗಲಿಲ್ಲವಂತೆ, ಆಮೇಲೆ ಬರುತ್ತಾರಂತೆ ಎಂದೆ. ಕುರ್ಚಿ ಇನ್ನೂ ಗೇಟಿನ ಕಡೆಗೇ ಇದೆ. ತಿರುಗಿಸಲು ನನಗೂ ಕೈ ಬರುತ್ತಿಲ್ಲ.

ನೀರು ಅವಸರ ಮಾಡುವುದಿಲ್ಲ. ಮೊದಲು ತಳದ ಗುಂಡಿ ತುಂಬಿತು, ಆಮೇಲೆ ಲಾರಿಯ ಗಾಲಿ ಗುರುತು, ಆಮೇಲೆ ನೀವೆಲ್ಲ ಬುತ್ತಿ ಬಿಚ್ಚುತ್ತಿದ್ದ ಚಪ್ಪಡಿ. ಈಗ ನಿಮ್ಮ ಗೆರೆಗಳ ಕಾಲ ಹತ್ತಿರ ಬಂದಿದೆ. ಬಣ್ಣ ಮಾತ್ರ ನೋಡಬೇಕು, ಬೆಳಗ್ಗೆ ಹಸಿರು, ಮಧ್ಯಾಹ್ನ ನೀಲಿ. ಇಂಜಿನಿಯರಮ್ಮ ಬಾಟಲಿಯಲ್ಲಿ ತುಂಬಿಕೊಂಡು ಪರೀಕ್ಷೆಗೆ ಕಳಿಸಿದಳು. ಫಲಿತಾಂಶ ಬಂದು, ಬಹಳ ಒಳ್ಳೆಯ ನೀರು ಅಮ್ಮ, ಕಲ್ಲು ಗಟ್ಟಿ ಇದ್ದಷ್ಟೂ ನೀರು ತಿಳಿ ಎಂದಳು. ಆ ಮಾತು ನಿಮಗೆ ಹೇಳಿದರೆ ಖುಷಿಪಡುತ್ತೀರಿ ಎನಿಸಿತು. ಏನಾದರೂ ಒಳ್ಳೆಯದು ಕೇಳಿದರೆ ಇವತ್ತಿಗೂ ಮೊದಲು ಅನಿಸುವುದು ಅದೇ, ಇವರಿಗೆ ಹೇಳಬೇಕು ಎಂದು.

ನೀವು ಕೆಟ್ಟವರೆಂದು ನಾನು ಯಾರ ಹತ್ತಿರವೂ ಹೇಳಿಲ್ಲ, ನನ್ನ ಹತ್ತಿರವೂ ಹೇಳಿಕೊಂಡಿಲ್ಲ. ತಾನು ಅಗೆದದ್ದು ಮುಳುಗುವುದನ್ನು ನಿಂತು ನೋಡಲು ಎಲ್ಲರಿಗೂ ಆಗುವುದಿಲ್ಲ. ಅಲ್ಲಿ ಕಲ್ಲು ಒಳ್ಳೆಯದಿರಲಿ, ಮೇಸ್ತ್ರಿ ಒಳ್ಳೆಯವನಿರಲಿ. ನಿಮ್ಮ ಕೈಕಾಲು ಗಟ್ಟಿಯಿರಲಿ. ನೂರು ಕಾಲ ಚೆನ್ನಾಗಿರು ಎಂದು ಅತ್ತೆ ಹರಸಿದ್ದಾರೆ. ನನ್ನ ಹಾರೈಕೆಯೂ ಅದರ ಜೊತೆಗೇ ಇದೆ.

ಇಂತಿ,
ನಿಮ್ಮವಳು

ತಾ.ಕ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಇದನ್ನು ಯಾರಿಗೂ ಹೇಳಿಲ್ಲ. ನೀವು ಮನೆ ಬಿಟ್ಟ ದಿನ ಅತ್ತೆ ಬಚ್ಚಲಲ್ಲಿದ್ದರು. ಹೊರಗೆ ಬಂದು, "ಹೋಗೋವಾಗ ಏನಂದ?" ಎಂದು ಕೇಳಿದರು. ಬರ್ತೀನಿ ಅಂದ್ರು ಅತ್ತೆ ಎಂದೆ. ಅಕ್ಕಪಕ್ಕದವರು ಕೇಳಿದಾಗಲೂ ಅದನ್ನೇ ಹೇಳಿದೆ. ನೀವು ಹಾಗೆ ಅನ್ನಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ಹೊಸ್ತಿಲ ಮೇಲೆ ನಿಂತು, ‘ಹೋಗ್ತೀನಿ’ ಎಂದಿರಿ. ಶತ್ರುವಿನ ಮನೆಯಿಂದ ಹೊರಡುವಾಗಲೂ ಯಾರೂ ಹಾಗೆನ್ನುವುದಿಲ್ಲ. ಬಾಯಿ ತಪ್ಪಿ ಬಂತು, ತಿದ್ದಿಕೊಳ್ಳುತ್ತಾರೆ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ನೀವು ಕಮಾನು ದಾಟುವವರೆಗೂ ನಿಂತಿದ್ದೆ. ಹಾರನ್ ಬಂದು ‘ಬರ್ತೀನಿ ಅಂದ್ರು’ ಎಂದಾಗ ನಾನು ಹುಚ್ಚಿಯ ಹಾಗೆ ಕುಣಿದದ್ದು ಅದಕ್ಕೆ. ದಾರಿಯಲ್ಲಿ ಸಿಕ್ಕ ಲಾರಿಯವನಿಗೆ ಹೇಳಿದ ಮಾತು ನನಗೆ ಯಾಕೆ ಹೇಳಲಿಲ್ಲ? ಈ ಕಾಗದಕ್ಕೆ ಉತ್ತರ ಬರೆಯುವುದಾದರೆ ಬೇರೆ ಏನೂ ಬೇಡ, ಆ ಒಂದು ಪದ ಬರೆದು ಕಳಿಸಿ. ಬರುವುದು ಬಿಡುವುದು ಆಮೇಲಿನ ಮಾತು.